ಮನೆ ಹತ್ತಿರದ ಕೆರೆ, ಪಾರ್ಕು, ಗುಂಡುತೋಪು ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಸರ್ಕಾರಿ ಖಾಲಿ ಜಾಗ ಕಂಡರೆ ಒಬ್ಬೊಬ್ಬರಿಗೆ ಒಂದೊಂದು ಯೋಚನೆ ಬರುತ್ತದೆ. ಒಬ್ಬರಿಗೆ ಸಮುದಾಯ ಭವನ, ಇನ್ನೊಬ್ಬರಿಗೆ ದೇವಸ್ಥಾನ, ಮತ್ತೊಬ್ಬರಿಗೆ ಕಾರು ನಿಲ್ಲಿಸುವ ಜಾಗ. ಅದು ಹಾಗೇ ಇರಲಿ ಅನ್ನುವವರು ಕಡಿಮೆ. ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಷ್ಟು ದೊಡ್ಡ ಕೆರೆಯಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಹೊಂಡ ಮಾತ್ರ. ಕರಗದ ಆಚರಣೆಗೆ ಅದು ಬೇಕು. ವರ್ಷಕ್ಕೊಮ್ಮೆ ಅದನ್ನು ಕೇಳಿಕೊಂಡು ಬರುವ ಜನ ಇದ್ದಾರೆ.

ಜಾಗ ಉಳಿಯುವುದು ಹೆಚ್ಚಾಗಿ ಹೀಗೆಯೇ. ಬೇಲಿಯಿಂದ ಉಳಿದದ್ದಕ್ಕಿಂತ ಬಳಸುವವರಿಂದ ಉಳಿದದ್ದು ಜಾಸ್ತಿ. ಬಳಸುವವರ ಕೈಯಲ್ಲಿ ಕಾಗದವೂ ಇದ್ದರೆ ಇನ್ನೂ ಗಟ್ಟಿ. ಗಿಡ ನೆಡುವುದು, ಗೋಡೆಗೆ ಬಣ್ಣ ಹೊಡೆಯುವುದು, ಫಲಕ ಹಾಕುವುದು ಎಲ್ಲ ಆಮೇಲಿನ ಮಾತು. ಆದರೆ ಬಹಳಷ್ಟು ಗುಂಪುಗಳು ಗಿಡ ನೆಡುವುದರಿಂದಲೇ ಶುರು ಮಾಡುತ್ತವೆ. ಜೂನ್ 5ರ ಪರಿಸರ ದಿನದಂದು ಫೋಟೊ ಚೆನ್ನಾಗಿ ಬರುತ್ತದೆ. ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ. ಈ ಲೇಖನದಲ್ಲಿ ಗಿಡದ ವಿಷಯ ತಡವಾಗಿ ಬರುತ್ತದೆ.

ಜಾಗ ಯಾರದು ಅಂತ ಮೊದಲು ಕಾಗದದಲ್ಲಿ ನೋಡಿ

ಪಾರ್ಕು ಅಂದರೆ ಪಾಲಿಕೆಯದು, ಕೆರೆ ಅಂದರೆ ಸರ್ಕಾರದ್ದು ಅಂತ ಸುಮ್ನೆ ಅಂದುಕೊಳ್ಳಬೇಡಿ. ನಿಮ್ಮ ಕೆರೆ ಪಾಲಿಕೆಯ ಕೈಯಲ್ಲಿರಬಹುದು, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕೈಯಲ್ಲಿರಬಹುದು, ಅರಣ್ಯ ಇಲಾಖೆಯದೋ ಸಣ್ಣ ನೀರಾವರಿ ಇಲಾಖೆಯದೋ ಆಗಿರಬಹುದು. ಮೀನಿನ ಗುತ್ತಿಗೆಯನ್ನು ಮೀನುಗಾರಿಕೆ ಇಲಾಖೆ ಕೊಟ್ಟಿರಬಹುದು. ಪಕ್ಕದಲ್ಲಿ ಹೋಗುವ ಕೊಳಚೆ ಪೈಪು ಜಲಮಂಡಳಿಯದು. ಇದರ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೆಯ ಅರ್ಜಿಯ ಫೈಲು ಈಗ ಯಾವ ಕಚೇರಿಯ ಬೀರುವಿನಲ್ಲಿದೆ ಅಂತ ಹುಡುಕುವುದೂ ಒಂದು ಕೆಲಸವೇ.

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತು ನೋಡಿ. ಸರ್ವೆ ನಂಬರ್, ಗ್ರಾಮ, ಹೋಬಳಿ ಸಿಗುತ್ತದೆ. ನಿಮ್ಮ ಬಡಾವಣೆ ಎಷ್ಟೇ ದೊಡ್ಡ ಹೆಸರಿನದಾಗಿದ್ದರೂ ಕಂದಾಯ ದಾಖಲೆಯಲ್ಲಿ ಅದು ಒಂದು ಹಳ್ಳಿ. ಆ ನಂಬರ್ ಇಟ್ಟುಕೊಂಡು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆಯಿರಿ. ಸರ್ಕಾರಿ ಕೆರೆ, ಗುಂಡುತೋಪು (ಊರಿಗೆಲ್ಲ ಸೇರಿದ ಮರಗಳ ತೋಪು), ಗೋಮಾಳ (ದನ ಮೇಯಲು ಬಿಟ್ಟ ಜಾಗ), ಸ್ಮಶಾನ ಅಂತ ಏನಿದೆ ನೋಡಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಯೂ ಸಿಗುತ್ತದೆ. ಕೆರೆಯ ಹಳೆಯ ಆಕಾರ, ಅದಕ್ಕೆ ಬರುವ ಹಳ್ಳ, ಹೋಗುವ ಕಾಲುವೆ ಅದರಲ್ಲಿ ಗೆರೆ ಗೆರೆಯಾಗಿ ಕಾಣುತ್ತವೆ. ಇವತ್ತಿನ ಉಪಗ್ರಹ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಪಹಣಿಯಲ್ಲಿ ಖರಾಬು ಎಂಬ ಕಾಲಂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಓದಬೇಕು. ‘ಎ’ ಖರಾಬು ಎಂದರೆ ಬಂಡೆ ಥರದ, ಸಾಗುವಳಿಗೆ ಬಾರದ, ಆದರೆ ಜಮೀನಿನವರದೇ ಆದ ಭಾಗ. ‘ಬಿ’ ಖರಾಬು ಸಾರ್ವಜನಿಕರದು. ಬಂಡಿದಾರಿ, ಹಳ್ಳ, ಕಾಲುವೆ ಇಂಥವು. ಬಡಾವಣೆ ಮಾಡುವಾಗ ಸದ್ದಿಲ್ಲದೆ ಮಾಯವಾಗುವುದು ಬಹಳ ಸಲ ಈ ‘ಬಿ’ ಖರಾಬೇ. ಕೆರೆಗೆ ನೀರು ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಉತ್ತರ ಎರಡು ಸರ್ವೆ ನಂಬರ್ ಆಚೆ, ಯಾರದೋ ಕಾಂಪೌಂಡಿನ ಒಳಗೆ ಇರಬಹುದು.

ಪಾರ್ಕಿನ ವಿಷಯದಲ್ಲಿ ಬೇಕಾದದ್ದು ಮಂಜೂರಾದ ಬಡಾವಣೆ ನಕ್ಷೆ. ಬಿಡಿಎ ಬಡಾವಣೆಯಾದರೆ ಬಿಡಿಎಯಲ್ಲಿ, ಗೃಹ ನಿರ್ಮಾಣ ಸಂಘದ್ದಾದರೆ ಸಂಘದಲ್ಲೂ ಬಿಡಿಎಯಲ್ಲೂ ಕೇಳಿ. ನಕ್ಷೆಯಲ್ಲಿ ಆ ಜಾಗವನ್ನು ಪಾರ್ಕು ಅಂತ ಬರೆದಿದ್ದಾರೋ, ಸಿಎ ಸೈಟ್ (ನಾಗರಿಕ ಸೌಲಭ್ಯದ ನಿವೇಶನ) ಅಂತ ಬರೆದಿದ್ದಾರೋ ಗಮನಿಸಿ. ಎರಡೂ ಒಂದೇ ಅಲ್ಲ. ಸಿಎ ಸೈಟನ್ನು ಶಾಲೆಗೋ ಆಸ್ಪತ್ರೆಗೋ ಗುತ್ತಿಗೆ ಕೊಡಬಹುದು. ಪಾರ್ಕಿನ ಜಾಗವನ್ನು ಹಾಗೆ ಕೊಡಲು ಬರುವುದಿಲ್ಲ. ವರ್ಷಗಟ್ಟಲೆ ಪಾರ್ಕು ಅಂತ ಓಡಾಡಿದ ಜಾಗ ಒಂದು ದಿನ ಸಿಎ ಸೈಟ್ ಅಂತ ಗೊತ್ತಾದಾಗ ಆಗುವ ಗಾಬರಿ ಬೇಡ.

ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದು ವಿಷಯ, 150 ಪದದ ಒಳಗೆ. ಕರ್ನಾಟಕದ ನಿಯಮ ಹಾಗಿದೆ. ಆನ್‌ಲೈನ್‌ನಲ್ಲೂ ಹಾಕಬಹುದು. ‘ಯಾಕೆ ಹೀಗಾಯಿತು’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅವರು ಕೊಡಬೇಕಾದದ್ದು ದಾಖಲೆ, ವಿವರಣೆ ಅಲ್ಲ. ಹೀಗೆ ಬರೆಯಿರಿ: ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಕೆರೆಯ ಸರ್ವೆ ನಕ್ಷೆ, ಒತ್ತುವರಿ ವರದಿ ಹಾಗೂ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಈ ಕೆರೆಗೆ ಮಾಡಿದ ಕಾಮಗಾರಿಗಳ ಅಂದಾಜು ಪಟ್ಟಿ ಮತ್ತು ಬಿಲ್ಲುಗಳ ದೃಢೀಕೃತ ಪ್ರತಿ ಒದಗಿಸಿ.’ 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಮೊದಲ ಅರ್ಜಿಗೆ ಮಿಸುಕದ ಕಚೇರಿ ಮೇಲ್ಮನವಿಗೆ ಮಿಸುಕುವುದು ಉಂಟು. ಅದಕ್ಕೇ ಅದನ್ನು ತಪ್ಪದೆ ಹಾಕಿ.

ಗಡಿಯ ಬಗ್ಗೆಯೇ ಜಗಳ ಇದ್ದರೆ ತಹಶೀಲ್ದಾರರಿಗೆ ಬರೆದು ಹದ್ದುಬಸ್ತು ಸರ್ವೆ ಕೇಳಿ. ಸರ್ವೆಯರ್ ಬಂದ ದಿನ ನೀವು ಅಲ್ಲಿರಬೇಕು. ಅವರು ಗುರುತು ಮಾಡಿದ ಕಡೆ ಆ ದಿನವೇ ಫೋಟೊ ತೆಗೆಯಿರಿ, ಕಲ್ಲು ನೆಡಲು ಕೇಳಿ. ಸುಣ್ಣದ ಗೆರೆ ಒಂದು ಮಳೆಗೆ ಹೋಗುತ್ತದೆ.

ನಿಮಗಿಂತ ಮೊದಲು ಅಲ್ಲಿ ಯಾರಿದ್ದಾರೆ?

ಕಾಗದ ಹುಡುಕುವ ಹೊತ್ತಿನಲ್ಲೇ ಜಾಗದಲ್ಲಿ ಸುಮ್ನೆ ಹೋಗಿ ಕೂರುವುದನ್ನೂ ಶುರು ಮಾಡಿ. ಬೆಳಿಗ್ಗೆ ಆರಕ್ಕೆ ಹೋದರೆ ವಾಕಿಂಗ್‌ನವರು ಮಾತ್ರ ಕಾಣುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ. ಊಟದ ಡಬ್ಬಿ ಬಿಚ್ಚಿಕೊಂಡು ಕೂತ ಡೆಲಿವರಿ ಹುಡುಗರು, ಪೌರಕಾರ್ಮಿಕರು, ಕಟ್ಟಡ ಕೆಲಸದವರು ಇರುತ್ತಾರೆ. ಸಂಜೆ ನಾಲ್ಕಕ್ಕೆ ಕ್ರಿಕೆಟ್ ಹುಡುಗರು. ಕೆರೆಯಾದರೆ ಹುಲ್ಲು ಕೊಯ್ಯುವ ಹೆಂಗಸರು, ಹಸು ಮೇಯಿಸುವವರು, ಬಲೆ ಬೀಸುವವರು, ಬಟ್ಟೆ ಒಗೆಯುವವರು. ಅರಳಿಕಟ್ಟೆ ಇದ್ದರೆ ಅಲ್ಲಿ ದಿನಾ ಕೂರುವ ಹಿರಿಯರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಹಿಡಿದು ‘ಯಜಮಾನರೇ, ಮೊದಲು ಈ ಕೆರೆಗೆ ನೀರು ಯಾವ ಕಡೆಯಿಂದ ಬರ್ತಿತ್ತು?’ ಅಂತ ಕೇಳಿ. ಯಾವ ಕಚೇರಿಯಲ್ಲೂ ಸಿಗದ ಮಾಹಿತಿ ಸಿಗುತ್ತದೆ. ಕೋಡಿ (ತುಂಬಿದ ನೀರು ಹೊರಹೋಗುವ ಜಾಗ) ಎಲ್ಲಿತ್ತು, ತೂಬು (ನೀರು ಬಿಡುವ ಕಿಂಡಿ) ಎಲ್ಲಿ ಹೂತು ಹೋಗಿದೆ, ನೀರು ಬಿಡುವ ಕೆಲಸ ನೋಡುತ್ತಿದ್ದ ನೀರುಗಂಟಿಯ ಮನೆ ಯಾವುದು ಅಂತ ಹೇಳಬಲ್ಲ ಜನ ಹಳೆಯ ಹಳ್ಳಿಗಳ ಬೀದಿಗಳಲ್ಲಿ ಇನ್ನೂ ಇದ್ದಾರೆ. ತಡ ಮಾಡಬೇಡಿ.

ಇವರನ್ನೆಲ್ಲ ಕೆರೆಗೆ ತೊಂದರೆ ಕೊಡುವವರ ಪಟ್ಟಿಗೆ ಸೇರಿಸುವ ಚಾಳಿ ನಮ್ಮ ಅಪಾರ್ಟ್‌ಮೆಂಟ್ ಗುಂಪುಗಳಿಗೆ ಇದೆ. ದನ ಬೇಡ, ಮೀನು ಹಿಡಿಯುವುದು ಬೇಡ, ಹುಡುಗರ ಗಲಾಟೆ ಬೇಡ, ಸಂಜೆ ಏಳಕ್ಕೆ ಗೇಟಿಗೆ ಬೀಗ. ಹೀಗೆ ಮಾಡಿದ ಜಾಗಕ್ಕೆ ನಾಳೆ ಆಪತ್ತು ಬಂದರೆ ಕೂಗು ಹಾಕಲು ಉಳಿಯುವುದು ವಾಕಿಂಗ್‌ನವರು ಮಾತ್ರ. ಅವರಲ್ಲಿ ಅರ್ಧ ಜನಕ್ಕೆ ಆ ದಿನ ಆಫೀಸು ಇರುತ್ತದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸರಿಪಡಿಸಿದಾಗ ದನಕರುಗಳಿಗೆ ಹುಲ್ಲು ಕೊಯ್ಯುವವರಿಗೂ ಜಾಗ ಉಳಿಸಿದರು. ಮಾದರಿ ಅಂತ ಯಾವುದನ್ನಾದರೂ ನೋಡಬೇಕಿದ್ದರೆ ಅದನ್ನು ನೋಡಿ. ಹುಲ್ಲು ಕೊಯ್ದರೆ ಕೆರೆ ದಂಡೆ ತಾನೇ ಚೊಕ್ಕಟವಾಗಿರುತ್ತದೆ, ಅದಕ್ಕೆ ಬೇರೆ ಟೆಂಡರ್ ಬೇಕಾಗುವುದಿಲ್ಲ.

ಖಾಲಿ ಕಾಣುವ ಜಾಗವೂ ಖಾಲಿ ಇರುವುದಿಲ್ಲ. ತುರಹಳ್ಳಿಯ ಕುರುಚಲು ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನವರು ವಿರೋಧಿಸಿ ನಿಲ್ಲಿಸಿದರು. ಹೆಸರಘಟ್ಟದ ಹುಲ್ಲುಗಾವಲು ದೂರದಿಂದ ಬರಡು ಬಯಲಿನ ಹಾಗೆ ಕಾಣುತ್ತದೆ. ಹುಲ್ಲಿನಲ್ಲೇ ಬದುಕುವ ಹಕ್ಕಿಗಳಿಗೆ ಅಲ್ಲಿ ಮರ ನೆಟ್ಟರೆ ಮನೆ ಹೋದಂತೆ. ನಿಮ್ಮ ಜಾಗದಲ್ಲಿ ಏನೇನಿದೆ ಅಂತ ಒಂದು ವರ್ಷ ಬರೆದಿಡಿ. ಮಕ್ಕಳ ಕೈಗೆ ಈ ಕೆಲಸ ಕೊಡಿ. ಗುಳುಮುಳುಕ, ನೀರುಕಾಗೆ, ಹೆಜ್ಜಾರ್ಲೆ, ಮಿಂಚುಳ್ಳಿ ಯಾವ ತಿಂಗಳು ಎಷ್ಟು ಕಂಡವು ಅಂತ ಹಕ್ಕಿಗಳ ಲೆಕ್ಕ ಇಡುವ ಇಬರ್ಡ್ ಆ್ಯಪ್‌ನಲ್ಲಿ ಹಾಕುತ್ತಾ ಹೋದರೆ ಮುಂದೆ ನ್ಯಾಯಾಲಯದಲ್ಲೂ ತೋರಿಸಬಹುದಾದ ದಾಖಲೆ ಆಗುತ್ತದೆ.

ಗುಂಪು, ದುಡ್ಡು, ಒಪ್ಪಂದ

ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ ಇದ್ದರೂ ಕೆಲಸಕ್ಕೆ ಬರುವವರು ಹತ್ತು ಜನ. ಅದು ಸಾಕು. ಅವರಲ್ಲಿ ಒಬ್ಬರು ಕಾಗದಪತ್ರ ನೋಡುವವರು, ಒಬ್ಬರು ಲೆಕ್ಕ ಬರೆಯುವವರು, ಒಬ್ಬರು ಅಧಿಕಾರಿಗಳ ಜೊತೆ ಸಮಾಧಾನದಿಂದ ಕನ್ನಡದಲ್ಲಿ ಮಾತಾಡುವವರು ಇರಲಿ. ಈ ಕೊನೆಯವರು ಸಿಕ್ಕುವುದೇ ಕಷ್ಟ. ಸಿಟ್ಟಿನಿಂದ ಇಂಗ್ಲಿಷಿನಲ್ಲಿ ಉದ್ದುದ್ದ ಇಮೇಲ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಳೆಯ ಹಳ್ಳಿಯ ಭಾಗದಿಂದ ಕನಿಷ್ಠ ಇಬ್ಬರು ಗುಂಪಿನ ಒಳಗೇ ಇರಬೇಕು, ಅತಿಥಿಗಳಾಗಿ ಅಲ್ಲ. ಕೆಲಸಕ್ಕೆ ಒಂದು ದಿನ ಗೊತ್ತು ಮಾಡಿ, ಉದಾಹರಣೆಗೆ ತಿಂಗಳ ಎರಡನೇ ಭಾನುವಾರ. ಎಷ್ಟು ಜನ ಬಂದರೂ ಆ ದಿನ ಬದಲಾಗಬಾರದು.

ನೋಂದಣಿ ತಕ್ಷಣ ಬೇಕಾಗಿಲ್ಲ. ದುಡ್ಡು ಕೈ ಬದಲಾಗಲು ಶುರುವಾದ ಮೇಲೆ ಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಟ್ರಸ್ಟ್ ಮಾಡಲು ಅಷ್ಟು ಜನ ಬೇಡ, ಆದರೆ ಟ್ರಸ್ಟ್‌ನಲ್ಲಿ ನಾಲ್ಕು ಜನರ ಕೈಗೇ ಎಲ್ಲ ಹೋಗಿಬಿಡುವ ಅಪಾಯ ಇದೆ. ನನಗೆ ಸಂಘವೇ ವಾಸಿ ಅನ್ನಿಸುತ್ತದೆ. ಜಗಳ ಜಾಸ್ತಿ, ಆದರೆ ಚುನಾವಣೆ ಇರುತ್ತದೆ. ಲೆಕ್ಕವನ್ನು ಪಾರ್ಕಿನ ಬೋರ್ಡಿಗೆ ಅಂಟಿಸಿ. ಎರಡು ಸಾವಿರ ರೂಪಾಯಿ ಗೊಬ್ಬರದ ಲೆಕ್ಕ ಕೊಡದೆ ಒಡೆದುಹೋದ ಗುಂಪುಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಅಕ್ಕಪಕ್ಕದವರು ಸೇರಿ ಟ್ರಸ್ಟ್ ಕಟ್ಟಿ 2011ರಲ್ಲಿ ಪಾಲಿಕೆಯ ಜೊತೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಆ ಕೆರೆಗೆ ಮಳೆನೀರಿನ ದಾರಿಗಳು ಮುಚ್ಚಿಹೋಗಿದ್ದವು. ಕೊನೆಗೆ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಿಂದ ಶುದ್ಧೀಕರಿಸಿದ ನೀರು ತರಿಸಿ ಕೆರೆ ತುಂಬಿಸುವ ದಾರಿ ಹುಡುಕಿದರು. ಇಂಥ ಒಪ್ಪಂದ ಮಾಡಿಕೊಳ್ಳುವ ಮುಂಚೆ ಎರಡು ವಿಷಯ ಯೋಚಿಸಿ. ಒಪ್ಪಂದದಲ್ಲಿ ಜಾಗ ಪಾಲಿಕೆಯದೇ, ನೀವು ನೋಡಿಕೊಳ್ಳುವವರು ಮಾತ್ರ ಅನ್ನುವುದು ಸ್ಪಷ್ಟವಾಗಿರಲಿ, ಎಲ್ಲರಿಗೂ ಪ್ರವೇಶ ಉಚಿತ ಅನ್ನುವುದೂ ಇರಲಿ. ಆಮೇಲೆ, ಒಪ್ಪಂದ ಇದ್ದಕ್ಕಿದ್ದಂತೆ ನಿಂತರೆ ಏನು ಮಾಡುತ್ತೀರಿ? ಕೆರೆಗಳನ್ನು ಖಾಸಗಿಯವರಿಗೆ ಒಪ್ಪಿಸುವ ವಿಷಯ ಹೈಕೋರ್ಟ್‌ಗೆ ಹೋಗಿದ್ದರಿಂದ ಹಲವು ಗುಂಪುಗಳ ಒಪ್ಪಂದ ನವೀಕರಣವಾಗದೆ ನಿಂತೂ ಇತ್ತು. ಕೆರೆಯ ಕಾವಲುಗಾರನ ಸಂಬಳ ಒಪ್ಪಂದವನ್ನೇ ನಂಬಿಕೊಂಡಿರಬಾರದು.

ಕಂಪನಿಗಳ ಸಾಮಾಜಿಕ ಹೊಣೆಯ ದುಡ್ಡು ಬಂದರೆ ಖುಷಿಯಾಗುತ್ತದೆ, ಸರಿ. ಆದರೆ ಆ ದುಡ್ಡು ಹೆಚ್ಚಾಗಿ ಕಣ್ಣಿಗೆ ಕಾಣುವ ಕೆಲಸಕ್ಕೇ ಬರುತ್ತದೆ. ಕಮಾನು, ಸೆಲ್ಫಿ ಪಾಯಿಂಟ್, ಸಿಮೆಂಟಿನ ಮಂಟಪ. ಹೂಳು ತುಂಬಿದ ಕಾಲುವೆಯ ಮೇಲೆ ಕಂಪನಿಯ ಹೆಸರು ಬರೆಯಲು ಆಗುವುದಿಲ್ಲ ಅಲ್ವಾ.

ಕೈಕೆಲಸ: ಕೆರೆಯಲ್ಲಿ

ಅಧಿಕಾರಿಗೆ ಒಂದು ಸಾಲಿನ ಪತ್ರವನ್ನಾದರೂ ಕೊಟ್ಟು ಕೆಲಸ ಶುರು ಮಾಡಿ. ಬರೀ ಕಸ ಹೆಕ್ಕುವುದಾದರೂ ಸರಿ. ನಾಳೆ ಯಾರಾದರೂ ಆಕ್ಷೇಪ ಎತ್ತಿದರೆ ಆ ಪತ್ರವೇ ಕಾಯುತ್ತದೆ.

ಕೆರೆಯ ಕೆಲಸ ಕೆರೆಯಲ್ಲಿ ಶುರುವಾಗುವುದಿಲ್ಲ, ಅದರ ಮೇಲ್ಗಡೆ ಶುರುವಾಗುತ್ತದೆ. ಬೆಂಗಳೂರು ದಿಣ್ಣೆಯ ಮೇಲಿರುವ ಊರು. ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆ ಇಳಿದು ಹೋಗುತ್ತದೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಆದ್ದರಿಂದ ಜೋರು ಮಳೆ ಬಂದು ನಿಂತ ಮಾರನೆಯ ಬೆಳಿಗ್ಗೆ ನಿಮ್ಮ ಕೆರೆಗೆ ಬರುವ ಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಎಲ್ಲಿ ಕಟ್ಟಡದ ಮಣ್ಣು ಸುರಿದಿದ್ದಾರೆ, ಎಲ್ಲಿ ಮೋರಿ ಕಿರಿದಾಗಿದೆ, ಎಲ್ಲಿ ಗೋಡೆ ಬಂದಿದೆ ಅಂತ ಗುರುತು ಮಾಡಿ. ಮತ್ತೆ ಮಾರ್ಚ್‌ನಲ್ಲಿ ಅದೇ ದಾರಿ ನಡೆಯಿರಿ. ವಾರದಿಂದ ಒಂದು ಹನಿ ಮಳೆ ಇಲ್ಲದಾಗಲೂ ರಾಜಕಾಲುವೆಯಲ್ಲಿ ನೀರು ಹರಿಯುತ್ತಿದೆ ಅಂದರೆ ಅದು ಮಳೆನೀರಲ್ಲ. ಯಾವ ಪೈಪಿನಿಂದ ಬರುತ್ತಿದೆ ಅಂತ ಹುಡುಕಿ ಸ್ಥಳ ಗೊತ್ತಾಗುವ ಹಾಗೆ ಫೋಟೊ ತೆಗೆದು ಜಲಮಂಡಳಿಯ 1916ಕ್ಕೆ ದೂರು ಕೊಡಿ.

ಕೊಳಚೆ ನಿಲ್ಲದೆ ಅಂತರಗಂಗೆ ಕೀಳುವುದು ವ್ಯರ್ಥ. ಕೊಳಚೆಯೇ ಅದಕ್ಕೆ ಗೊಬ್ಬರ. ಕಿತ್ತರೂ ದಂಡೆಯಲ್ಲೇ ರಾಶಿ ಹಾಕಬೇಡಿ, ಕೊಳೆತ ರಸ ಮತ್ತೆ ನೀರಿಗೇ ಇಳಿಯುತ್ತದೆ. ದೂರ ಸಾಗಿಸಿ ಒಣಗಿಸಿ ಗೊಬ್ಬರ ಮಾಡಿ. ಆದರೆ ಅಂಚಿನ ಜೊಂಡು, ಆಪು ಎಲ್ಲವನ್ನೂ ಬೋಳಿಸಬೇಡಿ. ಹಕ್ಕಿಗಳು ಗೂಡು ಕಟ್ಟುವುದು ಅಲ್ಲೇ, ನೀರು ಒಂದಿಷ್ಟು ಸೋಸುವುದೂ ಅದೇ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಇಂಥ ಗಿಡಗಳಿರುವ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ. ಯಾವ ಭಾಷಣಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಹೂಳೆತ್ತುವ ಕಾಮಗಾರಿ ಬಂದರೆ ಅಂದಾಜು ಪಟ್ಟಿ ಕೇಳಿ ಓದಿ. ಸುತ್ತಲೂ ಒಂದೇ ಸಮನೆ ಆಳ ತೋಡಿ, ಕಲ್ಲು ಜೋಡಿಸಿ, ಕೆರೆಯನ್ನು ಸಾರಿನ ಬಟ್ಟಲಿನ ಹಾಗೆ ಮಾಡುವುದು ಗುತ್ತಿಗೆದಾರರಿಗೆ ಸುಲಭ. ಕಾಲೂರಿ ನಿಂತು ಮೀನು ಹಿಡಿಯುವ ಬೆಳ್ಳಕ್ಕಿ, ಕೊಕ್ಕರೆಗಳಿಗೆ ಆಗ ನಿಲ್ಲಲು ಜಾಗವಿಲ್ಲ. ಒಂದು ಕಡೆಯಾದರೂ ಇಳಿಜಾರಾದ, ಮೊಣಕಾಲುದ್ದ ನೀರಿನ ದಂಡೆ ಇರಲಿ ಅಂತ ಪತ್ರದಲ್ಲಿ ಕೇಳಿ. ಏರಿಯ ಮೇಲೆ ದೊಡ್ಡ ಮರ ನೆಡುವುದನ್ನೂ ತಡೆಯಿರಿ. ಬೇರು ಸತ್ತು ಕೊಳೆತ ಮೇಲೆ ಆ ಬಿಲದಲ್ಲಿ ನೀರು ಜಿನುಗುತ್ತದೆ.

ಮೀನು ಸಾಯುವುದು ಬೇಸಿಗೆ ಮಳೆಯ ಹೊತ್ತಿಗೆ ಜಾಸ್ತಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ್ದು ನೆನಪಿರಬಹುದು. ನೀರು ತಗ್ಗಿರುವಾಗ ಕಾಲುವೆಯಲ್ಲಿ ನಿಂತಿದ್ದ ಕೊಳೆಯೆಲ್ಲ ಒಂದೇ ಸಲ ಒಳಗೆ ನುಗ್ಗಿದರೆ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ. ಮೀನಿಗೆ ಲೀಟರಿಗೆ 4 ಮಿಲಿಗ್ರಾಂ ಆದರೂ ಬೇಕು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಮುನ್ಸೂಚನೆ. ಆಗಲೇ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ. ಮೀನು ಸತ್ತ ಮೇಲೆ ಮಾದರಿ ತೆಗೆಯಲು ಬರುವ ಹೊತ್ತಿಗೆ ನೀರು ಬದಲಾಗಿರುತ್ತದೆ.

ಪಾರ್ಕಿನಲ್ಲಿ

ಪಾರ್ಕಿನಲ್ಲಿ ಮೊದಲು ತಡೆಯಬೇಕಾದದ್ದು ಎಲೆಗೆ ಬೆಂಕಿ ಇಡುವುದು. ಕಬ್ಬಿಣದ ಜಾಲರಿ ಸುತ್ತಿ ಒಂದು ತೊಟ್ಟಿ ಮಾಡಿ, ಒಣ ಎಲೆ ತುಂಬಿ, ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ಒಣಗದಂತೆ ನೋಡಿಕೊಂಡರೆ ಕೆಲವೇ ತಿಂಗಳಲ್ಲಿ ಗೊಬ್ಬರ. ಮಾಲಿಯನ್ನು ಬೈದರೆ ಇದು ಆಗುವುದಿಲ್ಲ. ಅವರಿಗೆ ಎಲೆ ಸಾಗಿಸಲು ಗಾಡಿ ಕೊಟ್ಟಿಲ್ಲ, ಅದಕ್ಕೇ ಸುಡುತ್ತಾರೆ.

ಮರದ ಬುಡಕ್ಕೆ ಸಿಮೆಂಟು, ಟೈಲ್ಸು ಹಾಕುವಾಗ ಕನಿಷ್ಠ ಒಂದು ಮೀಟರ್ ಸುತ್ತ ಮಣ್ಣು ಬಿಡಿಸಿ. ದೀಪಗಳು ಕೆಳಮುಖವಾಗಿರಲಿ. ಹುಲ್ಲುಹಾಸಿಗೆ ಕೊಳವೆಬಾವಿ ನೀರು ಸುರಿಯುವ ಬದಲು ಮರದ ನೆರಳು ಹೆಚ್ಚಿಸಿ. ಹಳೆಯ ತೆರೆದ ಬಾವಿ ಇದ್ದರೆ ಮುಚ್ಚಿಸಬೇಡಿ, ಹೂಳೆತ್ತಿಸಿ. ಕಬ್ಬನ್ ಪಾರ್ಕಿನಲ್ಲಿ ಬಾವಿ ತೋಡುವ ಪರಂಪರೆಯ ಮಣ್ಣು ಒಡ್ಡರ ಕೈಯಲ್ಲಿ ಹಳೆಯ ಬಾವಿಗಳು ಮತ್ತೆ ನೀರು ಕಂಡಿವೆ.

ಇನ್ನು ಗಿಡ. ಜೂನ್-ಜುಲೈ ಮಳೆ ಹಿಡಿದ ಮೇಲೆ ನೆಡಿ. ಎದೆಮಟ್ಟಕ್ಕೆ ಬೆಳೆದ ಸಸಿ, ಸುತ್ತ ಕಾವಲು ಬುಟ್ಟಿ, ಎರಡು ಬೇಸಿಗೆ ನೀರು. ಹೊಂಗೆ, ಬೇವು, ನೇರಳೆ, ಅತ್ತಿ, ಬಸರಿ, ಮತ್ತಿ ಇರಲಿ. ಗುಂಡುತೋಪಾದರೆ ಮಾವು, ಹಲಸು, ಹುಣಸೆ. ಹಳ್ಳಿಯವರು ಮೊದಲು ನೆಟ್ಟದ್ದೂ ಅವೇ. ನೀರು ಹಾಕುವವರ ಹೆಸರು ಗೊತ್ತಿಲ್ಲದ ಗಿಡವನ್ನು ನೆಡಬೇಡಿ, ಅಷ್ಟೇ.

ಮೂಲೆಯಲ್ಲಿ ಕಸದ ರಾಶಿ ಬೀಳುತ್ತಿದ್ದರೆ ಎಲ್ಲರೂ ಮಾಡುವುದು ತೆಗೆಸಿ ರಂಗೋಲಿ ಹಾಕುವುದು. 2010ರಿಂದ ಅಗ್ಲಿ ಇಂಡಿಯನ್ ಗುಂಪಿನವರು ಹೆಸರು ಹೇಳಿಕೊಳ್ಳದೆ ಇಂಥ ಜಾಗಗಳನ್ನು ಸರಿಪಡಿಸುತ್ತಾ ಬಂದಿದ್ದಾರೆ, ಅದರಿಂದ ಕಲಿಯುವುದಿದೆ. ಆದರೆ ಎರಡು ದಿನ ನಿಂತು ಯಾರು, ಯಾವ ಹೊತ್ತಿಗೆ ಹಾಕುತ್ತಾರೆ ಅಂತ ನೋಡಿ. ಬಹಳ ಸಲ ಕಸದ ಆಟೊ ಬರುವುದು ಎಂಟೂವರೆಗೆ, ಮನೆಕೆಲಸಕ್ಕೂ ಫ್ಯಾಕ್ಟರಿಗೂ ಹೋಗುವವರು ಹೊರಡುವುದು ಏಳಕ್ಕೆ. ಆಟೊ ಸಮಯ ಬದಲಾಯಿಸಿದರೆ ಅರ್ಧ ರಾಶಿ ಹೋಗುತ್ತದೆ.

ಆಪತ್ತು ಬಂದಾಗ

ಬೆಳಿಗ್ಗೆದ್ದು ನೋಡಿದರೆ ಜೆಸಿಬಿ ನಿಂತಿದೆ ಅಂದುಕೊಳ್ಳಿ. ಚಾಲಕನ ಜೊತೆ ಜಗಳ ಬೇಡ. ಕೆಲಸದ ಆದೇಶ ತೋರಿಸಲು ಕೇಳಿ, ಫೋಟೊ ತೆಗೆಯಿರಿ, ಗಾಡಿ ನಂಬರ್ ಬರೆದುಕೊಳ್ಳಿ. ಪಾಲಿಕೆಯ 1533ಕ್ಕೂ ಪೊಲೀಸರ 112ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ. ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ. ಟಪಾಲು ವಿಭಾಗದಲ್ಲಿ ಮುದ್ರೆ ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ದೂರು ಒಂದೇ ಪುಟ ಇರಲಿ: ಸರ್ವೆ ನಂಬರ್, ಏನಾಗಿದೆ, ಯಾವ ಕಾನೂನು, ಏನು ಕ್ರಮ ಬೇಕು.

ಮರ ಕಡಿಯುವ ವಿಷಯಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ. ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಖಾಸಗಿ ಜಾಗದ ಮರವನ್ನೂ ಕಡಿಯುವಂತಿಲ್ಲ. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮೊದಲು ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಪಾರ್ಕು, ಆಟದ ಮೈದಾನಕ್ಕೆ 1985ರ ಕಾಯ್ದೆ ಇದೆ. ಕಬ್ಬನ್ ಪಾರ್ಕು, ಲಾಲ್‌ಬಾಗ್‌ಗೆ 1975ರದ್ದು ಬೇರೆಯೇ. ಕೆರೆಯಂಗಳದ ಒತ್ತುವರಿ, ಕಸ ಸುರಿಯುವುದು, ಕೊಳಚೆ ಬಿಡುವುದಕ್ಕೆ 2014ರ ಕೆರೆ ಕಾಯ್ದೆ. ಸರ್ಕಾರಿ ಜಮೀನು ಕಬಳಿಕೆಗೆ ವಿಶೇಷ ನ್ಯಾಯಾಲಯವೂ ಬೆಂಗಳೂರಿನಲ್ಲಿದೆ.

ಕೆರೆ ಪಕ್ಕ ಎಷ್ಟು ಜಾಗ ಬಿಡಬೇಕು ಅನ್ನುವುದರಲ್ಲಿ ಬಹಳ ಜನ ತಪ್ಪು ಅಂಕಿ ಬರೆಯುತ್ತಾರೆ. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2015ರ ಮಾಸ್ಟರ್ ಪ್ಲಾನ್‌ನಲ್ಲಿ ಇರುವುದು ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್. ಇದನ್ನು ಇನ್ನೂ ಇಳಿಸುವ ಪ್ರಯತ್ನಗಳು ನಡೆಯುತ್ತಲೇ ಇರುತ್ತವೆ. ದೂರು ಬರೆಯುವ ದಿನ ಯಾವುದು ಜಾರಿಯಲ್ಲಿದೆ ನೋಡಿಕೊಂಡೇ ಬರೆಯಿರಿ. ಒಂದು ಅಂಕಿ ತಪ್ಪಾದರೆ ಆ ಕಡೆಯ ವಕೀಲರಿಗೆ ಅದೇ ಸಾಕು.

‘ನೀವ್ಯಾರು ಕೇಳೋಕೆ?’ ಅಂತ ಯಾರಾದರೂ ಅಂದರೆ 1991ರ ಒಂದು ತೀರ್ಪನ್ನು ಜೇಬಿನಲ್ಲಿಟ್ಟುಕೊಳ್ಳಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಬಡಾವಣೆಯ ಪಾರ್ಕಿನ ವಿಷಯದಲ್ಲಿ ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ, ಪಾರ್ಕಿನ ಜಾಗವನ್ನು ಹಾಗೆ ಖಾಸಗಿಯವರಿಗೆ ಕೊಡುವಂತಿಲ್ಲ ಅಂತ ಅದು ಹೇಳಿತು. ದೇಶದ ಎಲ್ಲ ಕಡೆ ಇವತ್ತಿಗೂ ವಕೀಲರು ಎತ್ತಿ ಹಿಡಿಯುವ ಈ ತೀರ್ಪು ಹುಟ್ಟಿದ್ದು ನಮ್ಮೂರಿನ ಒಂದು ಬಡಾವಣೆಯ ಪಾರ್ಕಿನಿಂದ.

ಫೈಲು ಮತ್ತು ಹೊಸ ಅಧಿಕಾರಿ

ಎಲ್ಲ ದಾಖಲೆಗೆ ಎರಡು ಪ್ರತಿ ಇರಲಿ. ಒಂದು ಕಾಗದದ ಫೈಲು, ಒಂದು ಎಲ್ಲರೂ ತೆರೆಯಬಹುದಾದ ಆನ್‌ಲೈನ್ ಕಡತ. ಪಹಣಿ, ನಕ್ಷೆ, ಸ್ವೀಕೃತಿಗಳು, ಫೋಟೊಗಳು ತಾರೀಖಿನ ಪ್ರಕಾರ. ಗುಂಪಿನ ಮುಖ್ಯಸ್ಥರು ಮಗಳ ಮನೆಗೆಂದು ಆರು ತಿಂಗಳು ಊರು ಬಿಟ್ಟರೆ ಫೈಲು ಅವರ ಬೀರುವಿನಲ್ಲಿ ಸಿಕ್ಕಿಕೊಳ್ಳಬಾರದು.

ಎಂಜಿನಿಯರ್‌ಗಳು ವರ್ಗವಾಗುತ್ತಲೇ ಇರುತ್ತಾರೆ. ಹೊಸಬರು ಬಂದ ವಾರದಲ್ಲೇ ಭೇಟಿ ಮಾಡಿ, ಆದರೆ ದೂರಿನ ಪಟ್ಟಿ ಹಿಡಿದು ಹೋಗಬೇಡಿ. ಬೆಳಿಗ್ಗೆ ಅರ್ಧ ಗಂಟೆ ಜಾಗಕ್ಕೆ ಬರಲು ಕೇಳಿ, ಗಡಿ ಕಲ್ಲುಗಳನ್ನು ತೋರಿಸಿ, ನಕ್ಷೆಯ ಒಂದು ಪ್ರತಿ ಕೈಗೆ ಕೊಡಿ, ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿಯಿರಿ. ಅವರ ಫೋನ್ ನಂಬರನ್ನು ಮಾತ್ರ ಗುಂಪಿಗೆ ಹಾಕಬೇಡಿ. ಇನ್ನೂರು ಜನ ಒಂದೇ ಒಡೆದ ಬೆಂಚಿನ ಫೋಟೊ ಕಳಿಸಿದರೆ ಮುಂದಿನ ಸಲ ನಿಜವಾದ ಆಪತ್ತಿಗೆ ಅವರು ಫೋನ್ ಎತ್ತುವುದಿಲ್ಲ. ಒಬ್ಬರೇ ಮಾತಾಡಿ.